ಬಗರ್‌ಹುಕುಂ ಸಾಗುವಳಿ (ತುಮಕೂರು ಸೀಮೆ)

ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉತ್ತು ಬಿತ್ತುವುದಕ್ಕೆ ಬಗರ್‌ಹುಕುಂ ಸಾಗುವಳಿ ಎನ್ನುತ್ತಾರೆ. ಹುಕುಂ ಎಂದರೆ ಅಪ್ಪಣೆ. ಬಗರ್ ಎಂದರೆ ಇಲ್ಲದೆ. ಗೋಮಾಳ, ಹುಲ್ಲುಬನ್ನಿ, ಖರಾಬು, ಕಾವಲು ಎಂದು ದಾಖಲೆಯಲ್ಲಿರುವ ನೆಲದ ಪೊದೆ ಕಡಿದು, ಕಲ್ಲು ಆಯ್ದು, ರಾಗಿ, ಹುರುಳಿ ಬೆಳೆದವರ ಕಥೆ ಇದು. ಗುಬ್ಬಿ, ಕುಣಿಗಲ್ ಮತ್ತು ತುಮಕೂರು ತಾಲ್ಲೂಕುಗಳಲ್ಲಿ ಸರ್ಕಾರದ ಮೇಲಿನ ಬೇಸರಕ್ಕೆ ಒಂದು ಮುಖ ಕೊಡುವುದಾದರೆ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೈಚೀಲ ಹಿಡಿದು ಕೂತ ಬಗರ್‌ಹುಕುಂ ಅರ್ಜಿದಾರನ ಮುಖವನ್ನೇ ಕೊಡಬೇಕು.

1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಎತ್ತಿದ ಪ್ರಶ್ನೆಗೆ ದೇವರಾಜ ಅರಸು ಅವರ ಕಾಲದ ಭೂಸುಧಾರಣೆ 1974ರಲ್ಲಿ ದೊಡ್ಡ ಉತ್ತರ ಕೊಟ್ಟಿತು. ಆದರೆ ಆ ಕಾಯ್ದೆ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಯಾರ ಗೇಣಿಯೂ ಇಲ್ಲದ ಕೂಲಿಕಾರ ನೆಚ್ಚಿಕೊಂಡದ್ದು ಊರಾಚೆಯ ಸರ್ಕಾರಿ ಬಯಲನ್ನು. ಅವನ ಪಾಲಿಗೆ ಬಂದದ್ದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಗೆ ಮಾಡಿದ ತಿದ್ದುಪಡಿಗಳು. ಮೊದಲು ಅರ್ಜಿ ನಮೂನೆ 50, ಆಮೇಲೆ 53. ಎರಡಕ್ಕೂ 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿಯೇ ಆಧಾರ. 2018ರಲ್ಲಿ ಬಂದ ನಮೂನೆ 57 ಆ ಗಡುವನ್ನು 2005ರ ಜನವರಿ 1ಕ್ಕೆ ವಿಸ್ತರಿಸಿತು. ಅರ್ಜಿದಾರನ ಸ್ವಂತ ಜಮೀನೂ ಸೇರಿ ಒಟ್ಟು 4 ಎಕರೆ 38 ಗುಂಟೆ ಮೀರಬಾರದು.

ಸಕ್ರಮ ಮಾಡುವ ಅಧಿಕಾರ ಇರುವುದು ಶಾಸಕರ ಅಧ್ಯಕ್ಷತೆಯ ಸಮಿತಿಗೆ. ತಹಶೀಲ್ದಾರರು ಅದರ ಕಾರ್ಯದರ್ಶಿ. ಗಂಟು ಬಿದ್ದಿರುವುದು ಇಲ್ಲಿಯೇ. ಸರ್ಕಾರ ಬದಲಾದರೆ ಸಮಿತಿಯನ್ನು ಹೊಸದಾಗಿ ರಚಿಸಬೇಕು. ಚುನಾವಣೆ ಘೋಷಣೆಯಾದರೆ ಸಭೆ ಇಲ್ಲ. ಸಭೆ ನಡೆದರೂ ಸ್ಥಳ ತನಿಖೆ, ಮಹಜರು, ನಕ್ಷೆಗಳಲ್ಲಿ ಒಂದು ಕಡಿಮೆಯಿದ್ದರೆ ಕಡತ ವಾಪಸ್ಸು. ಕಂದಾಯ ಇಲಾಖೆ ತನ್ನದೆನ್ನುವ ಸರ್ವೆ ನಂಬರನ್ನು ಅರಣ್ಯ ಇಲಾಖೆಯೂ ತನ್ನದೆಂದರೆ, ಜಂಟಿ ಸರ್ವೆ ಆಗುವವರೆಗೆ ಎಲ್ಲವೂ ನಿಂತಲ್ಲೇ. ಗೋಮಾಳವಾದರೆ ನೂರು ಜಾನುವಾರಿಗೆ 30 ಎಕರೆಯಂತೆ ಬಿಟ್ಟು ಮಿಕ್ಕದ್ದನ್ನು ಮಾತ್ರ ಕೊಡಬಹುದು. ಹಾಗಾಗಿ ಊರಿನ ದನಗಳ ಲೆಕ್ಕವೂ ಒಬ್ಬ ರೈತನ ಹಣೆಬರಹವನ್ನು ನಿರ್ಧರಿಸುತ್ತದೆ. ಗೋಮಾಳ ಉಳಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಮಾತನ್ನು ಮೂವತ್ತು ವರ್ಷ ಹೇಳದೆ ಕಾಯಿಸುವುದು ಅನ್ಯಾಯ.

ಈ ಕಾಯುವಿಕೆಯ ಬೆಲೆ ತೆರುವವರು ಬಡವರೇ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ಸಿಗದು, ಬೆಳೆ ಒಣಗಿದರೆ ಪರಿಹಾರ ಬಾರದು. ರಾಗಿಯ ಮಾತನ್ನೇ ನೋಡಿ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಕೇಳುವುದು ಪಹಣಿಗೆ ಜೋಡಣೆಯಾದ ರೈತರ ನೋಂದಣಿ ಸಂಖ್ಯೆ, ಅಂದರೆ ಫ್ರೂಟ್ಸ್ ಐಡಿ. ಅದೇ ಮಳೆಗೆ ಬೆಳೆದ, ಅದೇ ಕಣದಲ್ಲಿ ತೂರಿದ ರಾಗಿ ಪಟ್ಟಾ ಜಮೀನಿನದಾದರೆ ಖರೀದಿ ಕೇಂದ್ರ ಸೇರುತ್ತದೆ. ಬಗರ್‌ಹುಕುಂ ಹೊಲದ್ದಾದರೆ ದಲ್ಲಾಳಿ ಹೇಳಿದ ದರಕ್ಕೆ ಹೋಗುತ್ತದೆ. ಇಂಥ ಮನೆಗಳ ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಟಿ.ಟಿ. ದಂಡದ ರಸೀದಿಗಳಿರುತ್ತವೆ. ಒತ್ತುವರಿಗೆಂದು ಸರ್ಕಾರ ಹಾಕಿದ ದಂಡವೇ ಈಗ ಸಾಗುವಳಿಗೆ ಸಾಕ್ಷಿ. ಮಡಿಕೆಯಲ್ಲಿ ಹರಿದ ಆ ಚೀಟಿಗಳನ್ನು ಜನ ಒಡವೆಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ನಗರದ ಅಂಚಿನ ಊರುಗಳ ಪಾಡು ಇನ್ನೂ ಬಿಗಿ. ನಗರಗಳ ಗಡಿಯಿಂದ ನಿಗದಿತ ದೂರದೊಳಗಿನ ಜಮೀನನ್ನು ಸಕ್ರಮ ಮಾಡುವಂತಿಲ್ಲ; ಬೆಂಗಳೂರಿಗೆ ಈ ದೂರ 18 ಕಿ.ಮೀ. ಸತ್ಯಮಂಗಲದಂಥ, ತುಮಕೂರಿನ ಮಗ್ಗುಲಿನ ಊರುಗಳತ್ತ ನಗರ ಬೆಳೆದಂತೆ ಈ ನಿರ್ಬಂಧದ ಗೆರೆಯೂ ಹಳ್ಳಿಗಳ ಕಡೆ ಸರಿಯುತ್ತದೆ. 2020ರ ಭೂಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಹಣವಿದ್ದವನಿಗೆ ನೋಂದಣಿ ದಿನದ ಕೆಲಸ, ಉತ್ತವನಿಗೆ ತಲೆಮಾರಿನದು. ಈ ಭಾಗದಲ್ಲಿ ಅಸಮಾನತೆ ಬೆಳೆಯುವ ದಾರಿಗಳಲ್ಲಿ ಇದಕ್ಕಿಂತ ನೇರವಾದದ್ದು ಕಾಣುವುದು ಕಷ್ಟ.

ರಾಜ್ಯದಲ್ಲಿ ಬಾಕಿ ಉಳಿದ ಅರ್ಜಿಗಳು 9 ಲಕ್ಷ ಮೀರಿದ್ದವು. ಎಲ್ಲವೂ ಬಡವರವಲ್ಲ: ಒಂದೇ ಮನೆಯಿಂದ ಹಲವು ಅರ್ಜಿ, ಗಡುವಿನ ದಿನಕ್ಕೆ 18 ತುಂಬದಿದ್ದವರ ಅರ್ಜಿ, ಉಳುಮೆಯೇ ಇಲ್ಲದ ಜಾಗದ ಅರ್ಜಿಗಳೂ ಇದ್ದವು. ಇವನ್ನು ಬೇರ್ಪಡಿಸದೆ ಬಿಟ್ಟಿದ್ದರಿಂದ ಅರ್ಹನ ಸರದಿಯೂ ಹಿಂದೆ ಬಿತ್ತು. 2023ರಲ್ಲಿ ಕೃಷ್ಣ ಬೈರೇಗೌಡರು ಕಂದಾಯ ಸಚಿವರಾದ ಮೇಲೆ ಬಗರ್‌ಹುಕುಂ ಆ್ಯಪ್ ಬಂತು. ಗ್ರಾಮ ಆಡಳಿತಾಧಿಕಾರಿ ಜಮೀನಿಗೆ ಹೋಗಿ ಮೊಬೈಲಿನಲ್ಲೇ ಗಡಿ ಗುರುತಿಸಬೇಕು; ಸಾಗುವಳಿ ಹಳೆಯದೇ ಎಂಬುದನ್ನು ಉಪಗ್ರಹ ಚಿತ್ರದೊಡನೆ ತಾಳೆ ನೋಡಬೇಕು. ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿಯೂ ಡಿಜಿಟಲ್ ಆಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಸಮಿತಿ ಸಭೆಗೆ ಕಡ್ಡಾಯ ಗಡುವು, ಎರಡು ಇಲಾಖೆಗಳ ಗಡಿ ತಕರಾರಿಗೆ ಕೊನೆ, ತಿರಸ್ಕಾರಕ್ಕೆ ಕಾರಣ ತಿಳಿಸುವ ಬರಹ, ಇವು ಯಂತ್ರದಿಂದ ಬರುವಂಥವಲ್ಲ. ತಿರಸ್ಕೃತನಾದವನು ಮೇಲ್ಮನವಿ ಸಲ್ಲಿಸಬೇಕಾದರೆ ಆ ಕಾರಣ ಕೈಯಲ್ಲಿರಬೇಕು.

ಚೀಟಿ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ದೊಡ್ಡ ಸರ್ವೆ ನಂಬರಿನಲ್ಲಿ ಹತ್ತಾರು ಮಂಜೂರಿದಾರರ ಹೆಸರು ಒಂದೇ ಪಹಣಿಯಲ್ಲಿರುತ್ತದೆ. ಪಾಲುಗಳನ್ನು ಅಳೆದು ಬೇರ್ಪಡಿಸುವ ಪೋಡಿ ಆಗುವವರೆಗೆ ಯಾರದು ಎಲ್ಲಿಂದ ಎಲ್ಲಿಗೆ ಎಂಬುದು ಕಾಗದದ ಮೇಲಿಲ್ಲ. ಮಂಜೂರಾದ ಜಮೀನುಗಳ ಪೋಡಿ ದುರಸ್ತಿಗೆ 2024ರ ಕೊನೆಯಲ್ಲಿ ಅಭಿಯಾನ ಶುರುವಾಯಿತು. ಭೂಮಾಪಕರು ಬಂದು ಅಳೆದು, ಬಾಂದು ಕಲ್ಲು ನೆಟ್ಟು, ಹೊಸ ನಂಬರು ಕೊಟ್ಟ ದಿನವೇ ಆ ಹೊಲಕ್ಕೆ ತನ್ನದೇ ಪಹಣಿ ಬರುತ್ತದೆ.