ಮಹಮ್ಮದ್ ಅಲಿಯ ಹೆಸರು, ನಮ್ಮ ಹೆಸರುಗಳು

ಒಬ್ಬ ಬಾಕ್ಸರನ ಬದುಕಿಗೂ ದಲಿತ ವಿಮರ್ಶೆಗೂ ಎಂತ ಸಂಬಂಧ ಅಂತ ಗೆಳೆಯರು ಕೇಳಬಹುದು. ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳ ಓದು ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಅಕ್ಷರದಿಂದ ದೂರ ಇಡಲಾದ ಸಮುದಾಯಗಳ ಚರಿತ್ರೆಯನ್ನು ಓದಬೇಕಾದರೆ ಮೊದಲು ಅವರ ಹೆಸರುಗಳನ್ನೇ ಓದಬೇಕಾಗ್ತದೆ. ಆ ಹೆಸರು ಇಟ್ಟವರು ಯಾರು? ಕೂಗಿ ಕರೆದವರು ಯಾರು? ಅದನ್ನು ಬದಲಿಸಲು ಹೊರಟಾಗ ಸಿಟ್ಟಾದವರು ಯಾರು? ಈ ಪ್ರಶ್ನೆಗಳನ್ನು ಇಡೀ ಜಗತ್ತು ನೋಡುತ್ತಿರುವಾಗಲೇ ಎತ್ತಿದವನು ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ ಮಹಮ್ಮದ್ ಅಲಿ.

ಆತ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಅಪ್ಪ ಅಂಗಡಿ ಬೋರ್ಡುಗಳನ್ನು ಬರೆಯುವ ಪೇಂಟರ್, ತಾಯಿ ಬಿಳಿಯರ ಮನೆಗೆಲಸದವಳು. ಇಟ್ಟ ಹೆಸರು ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ. ಅದು ಅಪ್ಪನದೇ ಹೆಸರು. ಅಪ್ಪನಿಗೆ ಅದು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಕೆಂಟಕಿಯಲ್ಲಿ ಗುಲಾಮಗಿರಿಯನ್ನು ವಿರೋಧಿಸಿದ ಒಬ್ಬ ಬಿಳಿಯ ರಾಜಕಾರಣಿಯಿಂದ. ಅಂದರೆ ಅದು ಒಳ್ಳೆಯವನೊಬ್ಬನ ಹೆಸರೇ. ಹುಡುಗ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಯ್ಟ್ ಚಿನ್ನ ಗೆದ್ದ. 1964ರ ಫೆಬ್ರವರಿ 25ರಂದು ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಇಪ್ಪತ್ತೆರಡನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಕೆಲವೇ ದಿನಗಳಲ್ಲಿ ಆ ಹೆಸರನ್ನು ಗುಲಾಮಗಿರಿಯ ಹೆಸರೆಂದು ಕಳಚಿಟ್ಟು ಮಹಮ್ಮದ್ ಅಲಿ ಆದ.

ಪಟ್ಟವನ್ನು ಕೊಟ್ಟ ಅಮೆರಿಕ ಹೆಸರನ್ನು ಮಾತ್ರ ಕೊಡಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯೂ ವರ್ಷಗಟ್ಟಲೆ ಕ್ಲೇ ಎಂದೇ ಅಚ್ಚು ಹಾಕಿತು. 1967ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಎದುರಾಳಿಯಾದ ಅರ್ನಿ ಟೆರೆಲ್, ಅವನೂ ಕರಿಯನೇ, ಪಂದ್ಯಕ್ಕೆ ಮೊದಲು ಕ್ಲೇ ಅಂತಲೇ ಕರೆದ. ಅಲಿ ಹದಿನೈದು ಸುತ್ತೂ ಅವನನ್ನು ನಿಲ್ಲಿಸಿಕೊಂಡು ಗುದ್ದುತ್ತಾ, 'ನನ್ನ ಹೆಸರೇನು?' ಎಂದು ಕೂಗಿ ಕೇಳಿದ. ಪತ್ರಿಕೆಗಳು ಅದನ್ನು ಕ್ರೌರ್ಯ ಅಂತ ಬರೆದವು. ಆ ಗುದ್ದುಗಳಲ್ಲಿ ಕ್ರೌರ್ಯ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಬ್ಬನಿಗೆ ಬೇಡವಾದ ಹೆಸರನ್ನು ಮೂರು ವರ್ಷ ಪ್ರತಿದಿನ ಅಚ್ಚು ಹಾಕಿದ್ದು ಏನಾಗಿತ್ತು ಎಂಬುದನ್ನು ಅವು ಕೇಳಿಕೊಳ್ಳಲಿಲ್ಲ.

ಅದೇ ವರ್ಷ ಏಪ್ರಿಲ್ 28ರಂದು ಅದೇ ಹ್ಯೂಸ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಸೇನಾ ಭರ್ತಿಗೆ ಹೆಸರು ಕರೆದರು. ಆತ ಹೆಜ್ಜೆ ಮುಂದಿಡಲಿಲ್ಲ. ಪಟ್ಟ ಹೋಯಿತು, ಆಡುವ ಲೈಸೆನ್ಸು ಹೋಯಿತು, ಐದು ವರ್ಷ ಜೈಲು ಮತ್ತು ಹತ್ತು ಸಾವಿರ ಡಾಲರ್ ದಂಡದ ಶಿಕ್ಷೆ ಬಿತ್ತು. ಮೇಲ್ಮನವಿಯಿಂದ ಜೈಲು ತಪ್ಪಿದರೂ, ಬಾಕ್ಸರನ ಅತ್ಯುತ್ತಮ ಪ್ರಾಯದ ಮೂರೂವರೆ ವರ್ಷ ರಿಂಗ್‌ನ ಹೊರಗೆ ಕಳೆಯಿತು. 1971ರ ಜೂನ್ 28ರಂದು ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಆ ತೀರ್ಪು ಇವತ್ತಿಗೂ ಕಾನೂನು ಪುಸ್ತಕಗಳಲ್ಲಿ ಇರುವುದು 'ಕ್ಲೇ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ' ಎಂಬ ಹೆಸರಲ್ಲೇ. ನ್ಯಾಯ ಸಿಕ್ಕಿದ್ದೂ ಹಳೇ ಹೆಸರಿಗೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯವರಿಗೆ ಇದು ದೂರದ ಕತೆ ಅನ್ನಿಸಬಾರದು. ಕರಾವಳಿಯಲ್ಲಿ ಭೂಮಿ ಕೈಬದಲಾದರೆ ಅದರ ಜೊತೆಗೆ ಆಳುಗಳೂ ಕೈಬದಲಾಗುವ ಪದ್ಧತಿ ಇತ್ತು. ಅವರನ್ನು ಮೂಲದಾಳು ಎನ್ನುತ್ತಿದ್ದರು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದರೂ, 'ಇಂಥಾ ಮನೆಯ ಮೂಲದವ' ಎಂಬ ಗುರುತು ಕೇರಿಗಳಲ್ಲಿ ಬಹುಕಾಲ ಉಳಿಯಿತು. ಅಮೆರಿಕದ ಗುಲಾಮರಿಗೆ ಒಡೆಯನ ಹೆಸರು ಅಂಟಿದ ಹಾಗೆ ನಮ್ಮವರಿಗೆ ಒಡೆಯನ ಮನೆ ಅಂಟಿತು. ಅವರ ಸ್ವಂತ ಹೆಸರುಗಳನ್ನೂ ನೋಡಿ: ಐತ, ಅಂಗಾರ, ಗುರುವ, ತುಕ್ರ, ತನಿಯ. ಎಲ್ಲ ತುಳುವಿನ ವಾರಗಳು. ಹುಟ್ಟಿದ ದಿನವೇ ಹೆಸರು. ಈ ಹೆಸರುಗಳಲ್ಲಿ ಅವಮಾನ ಇಲ್ಲ. ಅವಮಾನ ಇದ್ದದ್ದು ಕರೆಯುವ ದನಿಯಲ್ಲಿ. ಈಗ ನಾನು ತರಗತಿಯಲ್ಲಿ ಹಾಜರಿ ಕೂಗುವಾಗ ಶೆಟ್ಟಿ, ಪೂಜಾರಿ, ಆಚಾರ್ ಎಂಬ ಬಾಲಗಳು ಸಲೀಸಾಗಿ ಬಾಯಿಗೆ ಬರ್ತವೆ. ನಮ್ಮ ಕೇರಿಯ ಮಕ್ಕಳಿಗೆ ಬಾಲ ಇಲ್ಲ, ಒಂದು ಇನಿಶಿಯಲ್ ಅಷ್ಟೆ. ಬಾಲ ಇಲ್ಲದ್ದೇ ಜಾತಿಯ ಗುರುತಾಗಿಬಿಡ್ತದೆ.

ಇನ್ನು ನಮ್ಮ ಅಖಾಡದ ಕತೆ. ಕಂಬಳದಲ್ಲಿ ಫಲಿತಾಂಶ ಕೂಗುವಾಗ ಮೊದಲು ಬರುವುದು ಕೋಣದ ಯಜಮಾನನ ಹೆಸರು, ಆಮೇಲೆ ಓಡಿಸಿದವನದು. ಆದರೆ ಕೋಣಕ್ಕಿಂತ ಮೊದಲೇ ಆ ಗದ್ದೆಯಲ್ಲಿ ಕೊರಗರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರಲ್ಲ, ಅವರ ಹೆಸರನ್ನು ಯಾರೂ ಕೂಗಲಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದನ್ನೂ ಸೇರಿಸಿ ಇಂಥ ಅಜಲು ಪದ್ಧತಿಯನ್ನೆಲ್ಲ ಕರ್ನಾಟಕ ಸರ್ಕಾರ ಕಾಯ್ದೆಯಿಂದ ನಿಷೇಧಿಸಿದ್ದು 2000ದಲ್ಲಿ. ಲಿಸ್ಟನ್‌ನನ್ನು ಅಲಿ ಸೋಲಿಸಿ ಮೂವತ್ತಾರು ವರ್ಷ ಆದ ಮೇಲೆ.

'ಪ್ರೀತಿಯಿಂದ ಇಟ್ಟ ಹೆಸರೂ ಬೇಡವಾ ಮಾರಾಯ್ರೆ?' ಅಂತ ಕೇಳುವವರು ಉಂಟು. ಗಾಂಧೀಜಿ ಹರಿಜನ ಎಂದದ್ದು ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ 1938ರಲ್ಲಿ ಆ ಹೆಸರನ್ನು ಕಾನೂನಿನೊಳಗೆ ತರಲು ಹೊರಟಾಗ ಬಾಬಾಸಾಹೇಬರು ತಮ್ಮ ಪಕ್ಷದವರೊಂದಿಗೆ ಮುಂಬಯಿ ಶಾಸನಸಭೆಯಿಂದ ಹೊರನಡೆದರು. ಗುಲಾಮಗಿರಿಯ ವಿರೋಧಿಯೊಬ್ಬನಿಂದ ಬಂದ ಹೆಸರನ್ನು ಅಲಿ ಬಿಟ್ಟದ್ದೂ ಇದೇ ಕಾರಣಕ್ಕೆ. ಇಟ್ಟವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಹೊರುವವರನ್ನು ಕೇಳಿ ಇಟ್ಟ ಹೆಸರು ಅದಲ್ಲ. 1972ರಲ್ಲಿ ಮುಂಬಯಿಯ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪ್ರೇರಣೆ ಪಡೆದು ದಲಿತ್ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ತಾವೇ ಆರಿಸಿಕೊಂಡರು. ಆ ವ್ಯತ್ಯಾಸ ಸಣ್ಣದಲ್ಲ.

ಹಾಗಂತ ಅಲಿಯನ್ನು ಪಟ ಮಾಡಿ ಗೋಡೆಗೆ ತೂಗುಹಾಕುವುದು ವಿಮರ್ಶೆಯಲ್ಲ. ಆ ಹೊಸ ಹೆಸರನ್ನೂ ಕೊಟ್ಟದ್ದು ಒಬ್ಬ ಗುರು, ನೇಷನ್ ಆಫ್ ಇಸ್ಲಾಂನ ಎಲೈಜಾ ಮುಹಮ್ಮದ್. 1969ರಲ್ಲಿ ಸಿಟ್ಟಾಗಿ ಅವರು ಅದನ್ನು ವಾಪಸು ತೆಗೆದುಕೊಂಡೆವು ಎಂದರು. ಅಲಿ ಬಿಟ್ಟುಕೊಡಲಿಲ್ಲ. ಆ ಹೆಸರು ನಿಜಕ್ಕೂ ಅವನದಾದದ್ದು ಆಗಲೇ ಎಂದು ನನಗೆ ಅನ್ನಿಸ್ತದೆ.

ಆದರೆ ಜೋ ಫ್ರೇಜಿಯರ್ ವಿಷಯದಲ್ಲಿ ಅವನಿಗೆ ವಿನಾಯಿತಿ ಕೊಡಲಾಗದು. ಫ್ರೇಜಿಯರ್ ದಕ್ಷಿಣ ಕೆರೊಲಿನಾದ ಬಡ ಗೇಣಿ ಒಕ್ಕಲಿನ ಮಗ. ನಿಷೇಧದ ದಿನಗಳಲ್ಲಿ ಅಲಿಯ ಪರವಾಗಿ ನಿಂತಿದ್ದವನು. 1971ರಲ್ಲಿ ಅಲಿಯನ್ನು ಮೊದಲು ಸೋಲಿಸಿದವನೂ ಅವನೇ. ಅವನನ್ನು ಅಲಿ ಬಿಳಿಯರ ಬಂಟ ಎಂದ, 1975ರ ಮನಿಲಾ ಪಂದ್ಯಕ್ಕೆ ಮುಂಚೆ ಗೊರಿಲ್ಲಾ ಎಂದ. ಬಿಳಿಯರು ಕರಿಯರೆಲ್ಲರಿಗೂ ಇಟ್ಟಿದ್ದ ಹೆಸರನ್ನು ತನಗಿಂತ ಬಡವನಾದ ಕರಿಯನಿಗೆ ದಾಟಿಸಿದ. 2001ರಲ್ಲಿ ಕ್ಷಮೆ ಕೇಳಿದ, ನಿಜ. ಅಷ್ಟರಲ್ಲಿ ಇಪ್ಪತ್ತಾರು ವರ್ಷ ಕಳೆದಿತ್ತು.

ಈ ಭಾಗ ನಮ್ಮ ಚಳವಳಿಗೆ ಮುಖ್ಯ. ದಲಿತ ಎಂಬ ಹೆಸರನ್ನು ಎದೆಯುಬ್ಬಿಸಿ ಹೇಳುವ ನಮ್ಮ ಕೇರಿಗಳಲ್ಲೂ 'ಕೊರಗ' ಎಂಬುದನ್ನು ಬೈಗುಳದ ಹಾಗೆ ಬಳಸುವವರಿದ್ದಾರೆ, ಅವರ ಮನೆಯ ಊಟಕ್ಕೆ ಹಿಂಜರಿಯುವವರಿದ್ದಾರೆ. ಮೇಲಿನವರು ನಮ್ಮ ಹೆಸರನ್ನು ಸರಿಯಾಗಿ ಕರೆಯಬೇಕು ಎನ್ನುವ ಬಾಯಿ, ಕೆಳಗಿನವರನ್ನು ಏನಂತ ಕರೀತದೆ?

ಅಲಿ 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್ಮನ್‌ನನ್ನು ಸೋಲಿಸಿ ಪಟ್ಟ ಮರಳಿ ಪಡೆದ, 1978ರಲ್ಲಿ ಮೂರನೇ ಸಲ ಗೆದ್ದ. ಒಟ್ಟು 61 ಪಂದ್ಯ, 56 ಗೆಲುವು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು, ಬರಬರುತ್ತಾ ಆ ಮಾತುಗಾರನ ಮಾತೇ ನಿಂತಿತು. 2016ರ ಜೂನ್ 3ರಂದು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಅವನು ಕೇಳಿದ ಹೆಸರನ್ನೇ ಅಚ್ಚು ಹಾಕಿದವು.

ವಿದ್ಯಾರ್ಥಿ ಗೆಳೆಯರಿಗೆ ನನ್ನದೊಂದು ಕೋರಿಕೆ ಉಂಟು. ಈ ಮೂರು ತಾಲೂಕುಗಳ ಹಳೆಯ ಗೇಣಿ ಚೀಟಿ, ದೇವಸ್ಥಾನದ ಲೆಕ್ಕ, ಶಾಲಾ ದಾಖಲಾತಿ ಪುಸ್ತಕಗಳಲ್ಲಿ ನಮ್ಮ ಹಿರಿಯರ ಹೆಸರು ಹೇಗೆ ಬರೆದಿದೆ ಎಂದು ಹುಡುಕಿ ಬರೆದಿಡಿ. ಕೇರಿಗೆ ಹೋಗಿ ಅಜ್ಜ ಅಜ್ಜಿಯರನ್ನು, ಅವರಿಗೆ ಯಾವ ಹೆಸರಿಂದ ಕರೆದರೆ ಖುಷಿಯಾಗ್ತಿತ್ತು ಅಂತ ಕೇಳಿ. ಕೊರಗರ ಮನೆಗಳಿಂದಲೇ ಶುರು ಮಾಡಿ.