ಟಾರ್
ಜೀವಕೋಶ ವಿಜ್ಞಾನದ ಬರಹಗಳಲ್ಲಿ ಪದೇ ಪದೇ ಎದುರಾಗುವ ‘ಟಾರ್’, ‘ಟಾರ್ಗೆಟ್ ಆಫ್ ರಾಪಮೈಸಿನ್’ ಎಂಬುದರ ಮೊದಲಕ್ಷರಗಳಿಂದಾದ ಪದ. ಅಂದರೆ ರಾಪಮೈಸಿನ್ ಔಷಧಿಯ ಗುರಿ. ಆ ಔಷಧಿಗೆ ಹೆಸರು ಬಂದದ್ದು ರಾಪಾ ನುಯಿಯಿಂದ. ಈಸ್ಟರ್ ದ್ವೀಪವನ್ನು ಅಲ್ಲಿನ ಜನ ಕರೆಯುವುದು ಹಾಗೆ. ಕೆನಡಾದ ತಂಡವೊಂದು 1960ರ ದಶಕದಲ್ಲಿ ಅಲ್ಲಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಅದು ಸಿಕ್ಕಿತು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್, ಜೋಸೆಫ್ ಹೈಟ್‌ಮನ್ ಮತ್ತು ರಾವ್ ಮೊವ್ವಾ ಈ ಔಷಧಿಯನ್ನು ಯೀಸ್ಟ್ ಮೇಲೆ ಪ್ರಯೋಗಿಸಿದರು. ಕೋಶಗಳ ಬೆಳವಣಿಗೆ ನಿಂತೇಹೋಯಿತು. ಆದರೂ ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಔಷಧಿಗೆ ಜಗ್ಗದೆ ದಪ್ಪಗಾಗುತ್ತ ಹೋಯಿತು. ಆ ಹಟಮಾರಿ ಕೋಶಗಳಲ್ಲಿ ಬದಲಾಗಿದ್ದ ಜೀನ್‌ಗಳ ಪೈಕಿ ಎರಡಕ್ಕೆ 1991ರಲ್ಲಿ ಟಾರ್1, ಟಾರ್2 ಎಂದು ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ‘ಟೋರ್’ ಎಂದರೆ ಹೆಬ್ಬಾಗಿಲು. ಬಾಸೆಲ್‌ನ ಹಳೆಯ ಕೋಟೆಬಾಗಿಲು ಸ್ಪಾಲೆನ್‌ಟೋರ್‌ನ ನೆನಪೂ ಆ ಹೆಸರಿನಲ್ಲಿ ಸೇರಿದೆ.

ಆ ಜೀನ್‌ಗಳಿಂದ ತಯಾರಾಗುವ ಪ್ರೋಟೀನೇ ಟಾರ್. ಆಹಾರ ಸಾಕಷ್ಟಿದ್ದಾಗ ಅದು, ಪ್ರೋಟೀನ್‌ಗಳನ್ನು ತಯಾರಿಸಲು ಕೋಶಕ್ಕೆ ಸೂಚನೆ ಕೊಡುತ್ತದೆ. ಆಹಾರ ಕಡಿಮೆಯಾದರೆ ಅದು ಸುಮ್ಮನಾಗುತ್ತದೆ; ಆಗ ಕೋಶ ತನ್ನದೇ ಹಳೆಯ ಭಾಗಗಳನ್ನು ಕರಗಿಸಿಕೊಂಡು ಬದುಕುತ್ತದೆ. ಕೋಶದ ಬೆಳವಣಿಗೆ ತಾನೇ ತಾನಾಗಿ ಆಗುವಂಥದ್ದಲ್ಲ, ಅದಕ್ಕೂ ಒಂದು ಹತೋಟಿಯಿದೆ ಎಂದು ಹಾಲ್ ಅವರ ಸಂಶೋಧನೆ ತೋರಿಸಿತು. ಜೀವಶಾಸ್ತ್ರದ ಬಲು ಸುಂದರ ತಿಳಿವುಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಮನುಷ್ಯರಲ್ಲಿರುವುದು ‘ಎಂಟಾರ್’. ಮೊದಲಿಗೆ ಆ ‘ಎಂ’ ಸಸ್ತನಿಗಳನ್ನು ಸೂಚಿಸುತ್ತಿತ್ತು. ಈಗ ‘ಮೆಕ್ಯಾನಿಸ್ಟಿಕ್’ ಎಂದು ಬಿಡಿಸುತ್ತಾರೆ. ಕನ್ನಡದಲ್ಲಿ ರಸ್ತೆಗೆ ಹಾಕುವ ಟಾರೂ ಇರುವುದರಿಂದ, ಮೊದಲ ಸಲ ಬಳಸುವಾಗ ‘ಟಾರ್ ಪ್ರೋಟೀನ್’ ಎಂದೇ ಬರೆಯುವುದು ಒಳ್ಳೆಯದು.