ಅದಿರು, ಬಾರ್ಜು, ಮಿಡ್‌ಫೀಲ್ಡರ್: ಗೋವಾ ಕನ್ನಡಿಗರ ಕಡೆಯಿಂದ ನೋಡಿದ ಕ್ಲೈಮ್ಯಾಕ್ಸ್ ಲಾರೆನ್ಸ್ ಆಟದ ಬದುಕು

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಲೆ, ಶಾಸನ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವುಗಳ ಬಗ್ಗೆ ಮಾತಾಡುತ್ತೇವೆ. ಅದು ಸರಿಯೇ. ನಾನು ಫುಟ್‌ಬಾಲ್ ವಿಷಯ ಎತ್ತಿಕೊಂಡಾಗ ನನ್ನ ಮಾರ್ಗದರ್ಶಕರೇ ಒಂದು ಕ್ಷಣ ಸುಮ್ಮನಾದರು. "ಇದರಲ್ಲಿ ಕನ್ನಡ ಎಲ್ಲಿದೆಯಪ್ಪಾ?" ಅಂದರು. ಈ ಪ್ರಬಂಧ ಆ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕ್ಲೈಮ್ಯಾಕ್ಸ್ ಲಾರೆನ್ಸ್ ಕನ್ನಡಿಗರಲ್ಲ, ಗೋವಾದವರು. ಅವರನ್ನು ನಮ್ಮವರು ಅಂತ ಎಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಅವರ ಆಟದ ಬದುಕಿಗೆ ಬಂದ ಹಣ ಎಲ್ಲಿಂದ ಬಂತು, ಆ ಹಣ ಹುಟ್ಟುವ ಜಾಗದಲ್ಲಿ ಯಾರು ದುಡಿದರು ಅನ್ನುವುದು ನನ್ನ ಪ್ರಶ್ನೆ. ಅಲ್ಲಿ ದುಡಿದವರಲ್ಲಿ ನಮ್ಮ ಮನೆಯವರೂ ಇದ್ದರು.

ನಾನು ಬೆಳೆದದ್ದು ವಾಸ್ಕೋದಲ್ಲಿ. ಅಪ್ಪ ವಿಜಯಪುರದ ಕಡೆಯ ಒಣಬೇಸಾಯದ ಮನೆತನದವರು. ಮೊದಲು ಅದಿರಿನ ಜೆಟ್ಟಿಯಲ್ಲಿ ಕೂಲಿ, ಆಮೇಲೆ ಬಾರ್ಜಿನಲ್ಲಿ ಖಲಾಸಿ. ಡಿಚೋಲಿ, ಸತ್ತರಿ, ಸಾಂಗೆ ಕಡೆಯ ಗಣಿಗಳಿಂದ ಲಾರಿಗಳು ಅದಿರನ್ನು ನದಿ ದಂಡೆಗೆ ತರುತ್ತಿದ್ದವು. ಅಲ್ಲಿಂದ ಬಾರ್ಜುಗಳು ಮಾಂಡೋವಿ, ಜುವಾರಿ ನದಿಗಳಲ್ಲಿ ಇಳಿದು ಮುರಗಾವ್ ಬಂದರು ಸೇರುತ್ತಿದ್ದವು. ಅಪ್ಪನ ಅಂಗಿ ಎಷ್ಟು ಒಗೆದರೂ ಕೆಂಪು ಬಿಡುತ್ತಿರಲಿಲ್ಲ.

ಗೋವಾದ ಕನ್ನಡ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗೋವಾ ಕದಂಬರಿಂದ ಶುರುಮಾಡುತ್ತಾರೆ. ಚಾಂದೋರ್, ಹಲಸಿ, ಕನ್ನಡ ಶಾಸನಗಳು, ಆಮೇಲೆ ವಿಜಯನಗರ. ಪೋರ್ಚುಗೀಸರು ಬಂದ ಮೇಲೆ ನಮ್ಮ ಕಥೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. 1880ರ ದಶಕದಲ್ಲಿ ಮುರಗಾವ್‌ನಿಂದ ಕ್ಯಾಸಲ್‌ರಾಕ್ ಮೂಲಕ ಹುಬ್ಬಳ್ಳಿ ಕಡೆಗೆ ರೈಲು ಕೂಡಿದ ಮೇಲೆ ಘಟ್ಟ ಇಳಿದು ಬಂದ ಜನರ ಬಗ್ಗೆ, 1961ರ ವಿಮೋಚನೆಯ ನಂತರ ಬಂದರಿಗೂ ಗಣಿಗೂ ಬಂದವರ ಬಗ್ಗೆ ಶಾಸನಗಳಿಲ್ಲ. ಮಸ್ಟರ್ ರೋಲುಗಳು ಇದ್ದಿರಬೇಕು. ಅವನ್ನು ಯಾರೂ ಚರಿತ್ರೆ ಅಂದುಕೊಳ್ಳಲಿಲ್ಲ.

ಈಗ ಕ್ಲಬ್ಬುಗಳ ವಿಷಯಕ್ಕೆ ಬರೋಣ. 1950ರ ದಶಕದಲ್ಲಿ, ಪೋರ್ಚುಗೀಸ್ ಆಳ್ವಿಕೆ ಇರುವಾಗಲೇ, ಗೋವಾದ ಅದಿರು ಜಪಾನಿಗೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿತು. ಸಾಲ್ಗಾಂವ್‌ಕರ್ ಕ್ಲಬ್ ಹುಟ್ಟಿದ್ದು 1956ರಲ್ಲಿ. ಡೆಂಪೊ, ಸೆಸಾ ಆಮೇಲೆ ಬಂದವು. ಇವು ಮೂರೂ ಗಣಿ ಕಂಪನಿಗಳ ಹೆಸರುಗಳೂ ಹೌದು. ಅದಕ್ಕೂ ಮುಂಚೆ ಗೋವಾ ಮೂಲದ ಒಳ್ಳೆಯ ಆಟಗಾರ ಹೆಸರು ಮಾಡಬೇಕಾದರೆ ಮುಂಬೈಯಲ್ಲಿ ಆಡಬೇಕಿತ್ತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಹಾಫ್, ಅಂದರೆ ಇವತ್ತಿನ ಭಾಷೆಯಲ್ಲಿ ಮಿಡ್‌ಫೀಲ್ಡರ್, ಫೋರ್ತುನಾತೊ ಫ್ರಾಂಕೊ ಹೆಸರಾದದ್ದು ಮುಂಬೈಯ ಟಾಟಾ ತಂಡದಿಂದ. ಅದಿರಿನ ಹಣ ಬಂದ ಮೇಲೆ ಮನೆ ಹತ್ತಿರವೇ ಆಡಿ ಬದುಕಲು ಸಾಧ್ಯವಾಯಿತು.

1979ರಲ್ಲಿ ಹುಟ್ಟಿದ ಕ್ಲೈಮ್ಯಾಕ್ಸ್ ಈ ವ್ಯವಸ್ಥೆ ಪೂರ್ತಿ ಬಲಿತ ಕಾಲದ ಆಟಗಾರ. ಅವರ ಮುಖ್ಯ ಕಾಲ ಕಳೆದದ್ದು ಡೆಂಪೊದಲ್ಲಿ, ಅರ್ಮಾಂಡೊ ಕೊಲಾಸೊ ಎಂಬ ತರಬೇತುದಾರರ ಕೈಕೆಳಗೆ. ಆ ತಂಡ 2004-05 ಮತ್ತು 2006-07ರಲ್ಲಿ ರಾಷ್ಟ್ರೀಯ ಲೀಗ್, ನಂತರ 2007-08, 2009-10, 2011-12ರಲ್ಲಿ ಐ-ಲೀಗ್ ಗೆದ್ದಿತು. ಎಂಟು ಋತುಗಳಲ್ಲಿ ಐದು ಪ್ರಶಸ್ತಿ. 2008ರಲ್ಲಿ ಎಎಫ್‌ಸಿ ಕಪ್‌ನ ಸೆಮಿಫೈನಲ್ ತನಕ ಹೋಯಿತು. ಗೋಲು ಹೊಡೆಯಲು ನೈಜೀರಿಯಾದ ರಾಂಟಿ ಮಾರ್ಟಿನ್ಸ್, ಪಾಸು ಕೊಡಲು ಬ್ರೆಜಿಲ್‌ನ ಬೆಟೊ, ಅಂಚಿನಲ್ಲಿ ಕ್ಲಿಫರ್ಡ್ ಮಿರಾಂಡಾ. ಇವರ ಹಿಂದೆ, ರಕ್ಷಕರ ಮುಂದೆ ನಿಂತು ಎದುರಾಳಿಯ ಚೆಂಡನ್ನು ಕಿತ್ತು ಹತ್ತಿರದವನಿಗೆ ಕೊಡುವ ಕೆಲಸ ಕ್ಲೈಮ್ಯಾಕ್ಸ್‌ರದ್ದು. ಪೇಪರಿನಲ್ಲಿ ಈ ಕೆಲಸ ಕಾಣುವುದಿಲ್ಲ.

ಅಪ್ಪನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ರಜೆ ಸಿಕ್ಕರೆ ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಅಷ್ಟೇ. ಒಂದು ಸಲ ಫಾತೋರ್ಡಾ ಕ್ರೀಡಾಂಗಣದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ್ದು ನೆನಪಿದೆ: "ಆ ಮನಷ್ಯಾ ಏನ್ ಮಾಡ್ತಾನಂತ ತಿಳಿಯಂಗಿಲ್ಲ. ಆದ್ರ ಅಂವಾ ಕುಂತರ ಉಳದವರ ಕೆಲಸ ನಿಂದರತೈತಿ." ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಂಬುದಕ್ಕೆ ಇದಕ್ಕಿಂತ ಸರಿಯಾದ ವ್ಯಾಖ್ಯೆ ನಾನು ಆಮೇಲೆ ಎಲ್ಲೂ ಓದಿಲ್ಲ.

ಕಾಣದ ಈ ಆಟಗಾರ ಒಂದು ಸಲ ದೇಶಕ್ಕೆಲ್ಲ ಕಂಡರು. 2008ರ ಜುಲೈ 30, ಹೈದರಾಬಾದ್, ಎಎಫ್‌ಸಿ ಚಾಲೆಂಜ್ ಕಪ್‌ನ ಮೊದಲ ಪಂದ್ಯ. ಅಫ್ಘಾನಿಸ್ತಾನದ ವಿರುದ್ಧ ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಇಂಜುರಿ ಟೈಮ್‌ನಲ್ಲಿ ಕ್ಲೈಮ್ಯಾಕ್ಸ್ ಗೋಲು ಹೊಡೆದರು. ಭಾರತ 1-0ರಿಂದ ಗೆದ್ದಿತು. ಆಗಸ್ಟ್ 13ರ ದೆಹಲಿಯ ಫೈನಲ್‌ನಲ್ಲಿ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿತು. ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು, ಎಲ್ಲರಿಗೂ ನೆನಪಿರುವುದು ಅದೇ. ಆ ಗೆಲುವಿನಿಂದ ಭಾರತ 2011ರ ದೋಹಾ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. 1984ರ ನಂತರ ಅದೇ ಮೊದಲು. ಅಲ್ಲಿ ಆಸ್ಟ್ರೇಲಿಯಾ, ಬಹ್ರೇನ್, ದಕ್ಷಿಣ ಕೊರಿಯಾ ಮೂವರ ಎದುರೂ ಸೋತೆವು, ಅದು ಬೇರೆ ಮಾತು. ದೋಹಾ ತಂಡದಲ್ಲೂ ಕ್ಲೈಮ್ಯಾಕ್ಸ್ ಇದ್ದರು.

ಹೋಲಿಕೆಗೆ ಬೆಂಗಳೂರಿನ ಮಿಡ್‌ಫೀಲ್ಡರ್ ಕಾರ್ಲ್ಟನ್ ಚಾಪ್‌ಮನ್ ಅವರನ್ನು ತೆಗೆದುಕೊಳ್ಳಿ. ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು, ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಆಡಿ, ಪಂಜಾಬಿನ ಫಗ್ವಾಡಾದ ಜೆಸಿಟಿ ಬಟ್ಟೆ ಗಿರಣಿಯ ತಂಡದಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದು, ಎಫ್‌ಸಿ ಕೊಚ್ಚಿನ್‌ಗೆ ಹೋದವರು. ಭಾರತದ ನಾಯಕರೂ ಆಗಿದ್ದರು. 2020ರಲ್ಲಿ ತೀರಿಕೊಂಡರು. ಕನ್ನಡ ನಾಡಿನ ಈ ಆಟಗಾರ ವೃತ್ತಿಪರನಾಗಿ ಬದುಕಲು ಊರೂರು ಅಲೆಯಬೇಕಾಯಿತು. ಕ್ಲೈಮ್ಯಾಕ್ಸ್ ತಮ್ಮ ಮುಖ್ಯ ಕಾಲವನ್ನು ಸ್ವಂತ ನಾಡಿನಲ್ಲೇ ಕಳೆದರು. ಪ್ರತಿಭೆಯ ವ್ಯತ್ಯಾಸ ಇದಲ್ಲ. ಒಬ್ಬರ ನೆಲದಲ್ಲಿ ಕ್ಲಬ್ ಸಾಕುವ ಗಣಿ ಕಂಪನಿಗಳಿದ್ದವು, ಇನ್ನೊಬ್ಬರ ನೆಲದಲ್ಲಿ ಆ ಹೊತ್ತಿಗೆ ಅಂಥವು ಇರಲಿಲ್ಲ. ಆ ಕಂಪನಿಗಳಿಗೆ ಅದಿರು ಹೊತ್ತವರಲ್ಲಿ ಅನೇಕರು ಚಾಪ್‌ಮನ್ ರಾಜ್ಯದಿಂದಲೇ ಹೋದವರು ಅನ್ನುವುದನ್ನು ಗಮನಿಸಬೇಕು.

ನನ್ನ ಅನುಭವದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದೆ. ಯಾರದ್ದು ಅಂತ ಹೇಳುವುದಿಲ್ಲ. ಕೊಂಕಣಿಯಲ್ಲೇ ಮಾತಾಡಿದೆ, ಆದರೂ ಹೆಸರು ಕೇಳಿದ ಮೇಲೆ ಸಾಲಿನಲ್ಲಿದ್ದ ಯಾರೋ "ಘಾಟಿ" ಅಂದರು. ಘಟ್ಟದ ಮೇಲಿನವನು ಅಂತ ಅರ್ಥ. ಉಳಿದವರು ನಕ್ಕರು. ನಾನು ಆಯ್ಕೆಯಾಗದಿದ್ದದ್ದು ಅದಕ್ಕಲ್ಲ, ನನ್ನ ಎಡಗಾಲು ಏನೂ ಪ್ರಯೋಜನವಿರಲಿಲ್ಲ. ಆದರೆ ಮನೆಗೆ ಬಂದು ಅಪ್ಪನ ಕೆಂಪು ಅಂಗಿ ಹಗ್ಗದ ಮೇಲೆ ಒಣಗುತ್ತಿದ್ದುದನ್ನು ನೋಡಿದಾಗ ಮೊದಲ ಸಲ ಲೆಕ್ಕ ಹಾಕಿದೆ: ಆಟಗಾರನ ಸಂಬಳದಲ್ಲಿ ಈ ಅಂಗಿಯ ಪಾಲು ಎಷ್ಟು? ಅವತ್ತು ಅದು ಸಿಟ್ಟು. ಇವತ್ತು ಸಂಶೋಧನೆಯ ಪ್ರಶ್ನೆ.

ಸಿಟ್ಟಿನಿಂದ ಹುಟ್ಟಿದ ಪ್ರಶ್ನೆಗೆ ಸುಲಭದ ಉತ್ತರ ಸಿಕ್ಕಿಬಿಡುವ ಅಪಾಯ ಇರುತ್ತದೆ. ಚೀನಾದ ಬೇಡಿಕೆಯಿಂದ 2010-11ರಲ್ಲಿ ಗೋವಾದ ಅದಿರು ರಫ್ತು 5 ಕೋಟಿ ಟನ್ ದಾಟಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ಶಾ ಆಯೋಗದ ವರದಿ ಬಂದ ಮೇಲೆ 2012ರಲ್ಲಿ ಗಣಿಗಳು ನಿಂತವು. 2016ರಲ್ಲಿ ಡೆಂಪೊ, ಸಾಲ್ಗಾಂವ್‌ಕರ್ ಎರಡೂ ಐ-ಲೀಗ್ ಬಿಟ್ಟವು. ಅದಿರು ನಿಂತಿತು, ಆಟ ನಿಂತಿತು ಅಂತ ಬರೆದುಬಿಡಬಹುದು. ನಾನೂ ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ. ಆದರೆ ಡೆಂಪೊ ಮನೆತನ ತನ್ನ ಗಣಿ ವ್ಯವಹಾರವನ್ನು 2009ರಲ್ಲೇ ಸುಮಾರು 1,750 ಕೋಟಿ ರೂಪಾಯಿಗೆ ಸೆಸಾ ಗೋವಾಕ್ಕೆ ಮಾರಿತ್ತು. ಕ್ಲಬ್ ಅದರ ನಂತರವೂ ಎರಡು ಸಲ ಐ-ಲೀಗ್ ಗೆದ್ದಿತು. 2016ರಲ್ಲಿ ಹೊರಬೀಳಲು ಎದ್ದು ಕಾಣುವ ಕಾರಣ, ಐಎಸ್ಎಲ್ ಅನ್ನು ಮೇಲಿನ ಲೀಗ್ ಮಾಡುವ ಫುಟ್‌ಬಾಲ್ ಒಕ್ಕೂಟದ ಯೋಜನೆಯ ಬಗೆಗಿನ ಅಸಮಾಧಾನ. ಹಾಗಾಗಿ ನಾನು ಹೇಳಬಲ್ಲದ್ದು ಇಷ್ಟು: ಅದಿರು ಕ್ಲಬ್ಬುಗಳನ್ನು ಕಟ್ಟಿತು. ಅವು ಮೇಲಿನ ಮಟ್ಟದಿಂದ ಹಿಂದೆ ಸರಿದದ್ದಕ್ಕೆ ಅದೊಂದೇ ಕಾರಣವಲ್ಲ.

ಇನ್ನೊಂದು ಕೊಂಡಿ. 2007-08ರಿಂದ 2012-13ರ ತನಕ ಆರೂ ಐ-ಲೀಗ್ ಪ್ರಶಸ್ತಿಗಳು ಗೋವಾಕ್ಕೇ ಹೋದವು: ಡೆಂಪೊಗೆ ಮೂರು, ಚರ್ಚಿಲ್‌ಗೆ ಎರಡು, ಸಾಲ್ಗಾಂವ್‌ಕರ್‌ಗೆ ಒಂದು. ಆ ಸರಪಳಿ ಮುರಿದದ್ದು 2013-14ರಲ್ಲಿ, ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ. ಅದರ ಒಡೆತನ ಜೆಎಸ್‌ಡಬ್ಲ್ಯು ಕಂಪನಿಯದ್ದು, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಕಂಪನಿ. ಗೋವಾದಲ್ಲಿ ಅದಿರನ್ನು ಹಡಗಿಗೆ ತುಂಬಿ ಕಳಿಸುವ ಹಣ ಆಟಕ್ಕೆ ಬಂತು, ಇಲ್ಲಿ ಅದಿರು ಕರಗಿಸುವ ಹಣ. ಎರಡೂ ಕಡೆ ದುಡಿದ ಕೈಗಳಲ್ಲಿ ಉತ್ತರ ಕರ್ನಾಟಕದ ಕೈಗಳಿವೆ.

ಕ್ಲೈಮ್ಯಾಕ್ಸ್ 2014ರಲ್ಲಿ ಮೊದಲ ಐಎಸ್ಎಲ್‌ನಲ್ಲಿ ಅಟ್ಲೆಟಿಕೊ ಡಿ ಕೋಲ್ಕತ್ತ ತಂಡದಲ್ಲಿದ್ದರು. ಆ ತಂಡವೇ ಪ್ರಶಸ್ತಿ ಗೆದ್ದಿತು. ಅದೇ ತಂಡದಲ್ಲಿ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ ಕೂಡ ಇದ್ದರು. ಅಪ್ಪನ ಬಾರ್ಜು 2012ರಲ್ಲಿ ಜುವಾರಿಯಲ್ಲಿ ಲಂಗರು ಹಾಕಿತು. ಎರಡು ವರ್ಷ ಕಾದು, ಅಪ್ಪ ಊರಿಗೆ ಹೋದರು. ಆಟಗಾರನ ನಿವೃತ್ತಿಗೆ ಸುದ್ದಿ ಆಗುತ್ತದೆ, ಖಲಾಸಿಯ ನಿವೃತ್ತಿಗೆ ಗ್ರ್ಯಾಚುಯಿಟಿ ಸಹ ಬರಲಿಲ್ಲ.

ಕೊನೆಗೆ ಒಂದು ವಿನಂತಿ. ವಾಸ್ಕೋದಲ್ಲಿ, ಬೈನಾದಲ್ಲಿ, ಡಿಚೋಲಿಯಲ್ಲಿ ಅರವತ್ತು ದಾಟಿದ ಕನ್ನಡದ ಲಾರಿ ಚಾಲಕರು, ಜೆಟ್ಟಿ ಕೂಲಿಗಳು, ಖಲಾಸಿಗಳು ಇನ್ನೂ ಇದ್ದಾರೆ. ನಾನು ಈವರೆಗೆ ಒಂಬತ್ತು ಜನರ ಮಾತು ರೆಕಾರ್ಡ್ ಮಾಡಿದ್ದೇನೆ. ಯಾವ ವರ್ಷ ಬಂದಿರಿ ಅಂತ ಕೇಳಿದರೆ ಕೆಲವರು ಇಸವಿ ಹೇಳಲ್ಲ, "ಡೆಂಪೊ ಮೊದಲನೇ ಸಲ ಗೆದ್ದ ವರ್ಷ" ಅಂತ ಹೇಳ್ತಾರೆ. ಅವರ ಕಾಲಗಣನೆಯಲ್ಲಿ ಫುಟ್‌ಬಾಲ್ ಇದೆ. ಫುಟ್‌ಬಾಲಿನ ಚರಿತ್ರೆಯಲ್ಲಿ ಅವರಿಲ್ಲ. ಇದರಲ್ಲಿ ಕನ್ನಡ ಎಲ್ಲಿದೆ ಅಂತ ಕೇಳಿದ್ದಿರಲ್ಲ ಸರ್, ಅಲ್ಲಿದೆ. ಗೋವಾ ಕಡೆ ಕ್ಷೇತ್ರಕಾರ್ಯಕ್ಕೆ ಹೋಗುವವರು ದಯವಿಟ್ಟು ಒಂದು ದಿನ ಜೆಟ್ಟಿ ಕಡೆಗೂ ಹೋಗಿ ಬನ್ನಿ.

ಪ್ರಶ್ನೆಗಳಿದ್ದರೆ ಕೇಳಿ.